ಅನಿವಾರ್ಯ ಹಿಂಸೆ, ಅನುಕೂಲದ ಹಿಂಸೆ

ಸುಣ್ಣದಕಲ್ಲನ್ನು ಗೂಡಿನಲ್ಲಿ ಕಾಯಿಸದೆ ಸಿಮೆಂಟ್ ಆಗುವುದಿಲ್ಲ. ಕಾಯಿಸಿದರೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹೊರಬರದೆ ಇರುವುದಿಲ್ಲ. ಕಲ್ಲಿದ್ದಲು ಬಿಟ್ಟು ಸೌರ ವಿದ್ಯುತ್ತಿನಿಂದಲೇ ಗೂಡು ಕಾಯಿಸಿದರೂ ಅಷ್ಟೇ. ಸಿಮೆಂಟ್ ಕಾರ್ಖಾನೆ ಬಿಡುವ ಈ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಕಲ್ಲಿನಿಂದ. ನಾರ್ವೆಯ ಬ್ರೆವಿಕ್ ಎಂಬಲ್ಲಿನ ಕಾರ್ಖಾನೆ 2025ರಿಂದ ಅದನ್ನು ಹಿಡಿದು, ದ್ರವವಾಗಿಸಿ, ಹಡಗಿನಲ್ಲಿ ಪಶ್ಚಿಮ ಕರಾವಳಿಗೆ ಸಾಗಿಸುತ್ತಿದೆ. ಅಲ್ಲಿಂದ ಕೊಳವೆಯಲ್ಲಿ ಹರಿದು ಅದು ಸಮುದ್ರತಳದಿಂದ ಸುಮಾರು 2,600 ಮೀಟರ್ ಕೆಳಗಿನ ಮರಳುಗಲ್ಲನ್ನು ಸೇರುತ್ತದೆ. ಯೋಜನೆಯ ಗುರಿ ವರ್ಷಕ್ಕೆ 4 ಲಕ್ಷ ಟನ್, ಕಾರ್ಖಾನೆ ಹೊರಬಿಡುವುದರಲ್ಲಿ ಹೆಚ್ಚುಕಡಿಮೆ ಅರ್ಧ.

ಇದು ತಪ್ಪನ್ನು ತಿದ್ದಿಕೊಳ್ಳುವ ಕ್ರಮವೋ, ಮುಚ್ಚಿಹಾಕುವ ಉಪಾಯವೋ?

ಇದನ್ನು ತೂಗಲು ಒಂದು ಹಳೆಯ ಅಳತೆಯಿದೆ. ಜೈನ ಆಚಾರ್ಯರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡುಗೆ, ಮನೆಗೆಲಸದಲ್ಲಿ ಆಗುವುದು ಆರಂಭಿ. ಹೊಟ್ಟೆಪಾಡಿನ ದುಡಿಮೆಯಲ್ಲಿ ಆಗುವುದು ಉದ್ಯೋಗಿ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧಿ. ಬೇಕೆಂದೇ ಮಾಡುವುದು ಸಂಕಲ್ಪಿ. ಶ್ರಾವಕನು, ಅಂದರೆ ಜೈನ ಗೃಹಸ್ಥನು, ಸಂಕಲ್ಪಿ ಹಿಂಸೆಯನ್ನು ಪೂರ್ತಿ ಬಿಡಬೇಕು. ಉಳಿದ ಮೂರನ್ನು ಬಿಡಲಾಗದು, ಆದರೆ ದಿನದಿನವೂ ಕಡಿಮೆ ಮಾಡುತ್ತ ಬಾಳಬೇಕು. ಇದನ್ನು ವಿನಾಯಿತಿ ಎಂದು ಓದಿದವರು ತಪ್ಪು ಓದಿದರು. ತಪ್ಪಿಸಲು ಸಾಧ್ಯವಿತ್ತೇ ಎಂದು ಪ್ರತಿಸಲವೂ ಕೇಳಿಕೊಳ್ಳುವ ಕಟ್ಟುನಿಟ್ಟು ಇದರಲ್ಲಿದೆ.

ಈ ಅಳತೆಗೆ ಬ್ರೆವಿಕ್ ನಿಲ್ಲುತ್ತದೆ. ಮನೆ, ಆಸ್ಪತ್ರೆ, ಸೇತುವೆಗೆ ಸಿಮೆಂಟ್ ಬೇಕು. ಕಲ್ಲಿನ ಅನಿಲ ಉದ್ಯೋಗಿ ಹಿಂಸೆ. ಕೆನಡಾದ ಬೌಂಡರಿ ಡ್ಯಾಮ್ ಸ್ಥಾವರದ ಕಥೆ ಬೇರೆ. ಕಲ್ಲಿದ್ದಲು ಉರಿಸಿ ವಿದ್ಯುತ್ ಮಾಡುವ ಆ ಸ್ಥಾವರದಲ್ಲಿ 2014ರಿಂದ ಹಿಡಿದ ಅನಿಲದ ಬಹುಪಾಲು ಹಳೆಯ ಎಣ್ಣೆ ನಿಕ್ಷೇಪಕ್ಕೆ ಹೋಗಿದೆ, ಇನ್ನಷ್ಟು ಎಣ್ಣೆ ಮೇಲೆತ್ತಲು. ವಿದ್ಯುತ್ತಿಗೆ ಗಾಳಿ, ಬಿಸಿಲು, ನೀರು ಇರುವಾಗ ಇದಕ್ಕೆ ಅನಿವಾರ್ಯದ ನೆಪ ಸಲ್ಲದು. ಇದು ಸಂಕಲ್ಪಿಯೇ.

ಹೂತಿಟ್ಟದ್ದನ್ನು ಕಾಯುವ ಪ್ರಶ್ನೆ ಇನ್ನೂ ಕಠಿಣ. ಯುರೋಪ್ ಒಕ್ಕೂಟದ 2009ರ ಕಾನೂನಿನಂತೆ, ಭದ್ರತೆ ಸಾಬೀತಾದರೆ, ಬಾವಿ ಮುಚ್ಚಿ ಸಾಮಾನ್ಯವಾಗಿ ಕನಿಷ್ಠ 20 ವರ್ಷಗಳ ಬಳಿಕ ಹೊಣೆ ಸರ್ಕಾರಕ್ಕೆ ಹೋಗುತ್ತದೆ. ಲಾಭ ಕಂಪನಿಯದು, ಕಾವಲು ಇನ್ನೂ ಹುಟ್ಟದವರದು. ಅವರ ಒಪ್ಪಿಗೆ ಕೇಳುವ ಬಗೆ ಯಾವುದು? ಐಸ್‌ಲ್ಯಾಂಡಿನ ಹೆಲ್ಲಿಶೈದಿಯ ಪ್ರಯೋಗ ಈ ಭಾರವನ್ನು ಬಹಳ ಹಗುರ ಮಾಡುತ್ತದೆ. ನೀರಿನಲ್ಲಿ ಕರಗಿಸಿ ಬಸಾಲ್ಟ್ ಶಿಲೆಗೆ ಇಳಿಸಿದ ಅನಿಲದ ಶೇಕಡಾ 95ಕ್ಕೂ ಹೆಚ್ಚು ಪಾಲು ಎರಡು ವರ್ಷದೊಳಗೆ ಕಲ್ಲಾಯಿತೆಂದು 2016ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಕಲ್ಲಾದದ್ದು ಸೋರುವುದಿಲ್ಲ.

ಕನ್ನಡಿಗರಿಗೆ ಇದು ದೂರದ ಸುದ್ದಿಯಲ್ಲ. ಜೈನ ಮುನಿ ಜಿನಸೇನಾಚಾರ್ಯರನ್ನು ಗುರುವೆಂದು ಗೌರವಿಸಿದ ರಾಷ್ಟ್ರಕೂಟ ದೊರೆ ಅಮೋಘವರ್ಷನ ರಾಜಧಾನಿ ಮಾನ್ಯಖೇಟ ಇಂದು ಸೇಡಂ ತಾಲ್ಲೂಕಿನ ಮಳಖೇಡ. ಸುತ್ತ ಸುಣ್ಣದಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ. ಇಂಗಾಲ ಹಿಡಿದಿಡುವ ನೀತಿಗೆ ನೀತಿ ಆಯೋಗ 2022ರಲ್ಲೇ ಚೌಕಟ್ಟು ಸಿದ್ಧಪಡಿಸಿದೆ. ನಾಳೆ ಅಂಥ ಯೋಜನೆ ಕಲಬುರಗಿಗೆ ಬಂದರೆ ಅಹವಾಲು ಸಭೆಯಲ್ಲಿ ಜನ ಕೇಳಬೇಕು: ಹಾರುಬೂದಿ, ಕಬ್ಬಿಣದ ಊದುಕುಲುಮೆಯ ಕಿಟ್ಟ ಬೆರೆಸಿ, ಸುಣ್ಣದಕಲ್ಲು ಕಾಯಿಸಿ ಮಾಡುವ ಕ್ಲಿಂಕರನ್ನು ಇಳಿಸಬಹುದಾದಷ್ಟು ಇಳಿಸಿದ್ದೀರಾ? ಉಳಿದ ಅನಿಲ ಎಲ್ಲಿಗೆ ಹೋಗುತ್ತದೆ? ನೂರು ವರ್ಷದ ಮೇಲೆ ಅದನ್ನು ಕಾಯುವವರು ಯಾರು? ಲಿಖಿತ ಉತ್ತರ ಕೈಗೆ ಬರುವವರೆಗೆ ಯಾರೂ ಒಪ್ಪಿಗೆ ಕೊಡಬಾರದು.