ತೊಟ್ಟಿನ ಲೆಕ್ಕ

ಬ್ಯಾಡಗಿಯ ಆ ಅವ್ವ ನನ್ನ ಮೇಲೆ ಯಾವ ದೂರನ್ನೂ ಹೇಳಿಲ್ಲ. ಹೇಳುತ್ತಿರುವವನು ನಾನೇ.

ಧಾರವಾಡದಿಂದ ಬೆಂಗಳೂರಿಗೆ ಇಬ್ಬರು ಗೆಳೆಯರು ಸೈಕಲ್ ಮೇಲೆ ಹೊರಟಿದ್ದೆವು. ಹಾವೇರಿಯಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ಸಿದ್ಧೇಶ್ವರ ಗುಡಿಗೆ ಹೋಗಿಬಂದು, ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬ್ಯಾಡಗಿಯತ್ತ ಹೊರಳಿದೆವು. ಫೆಬ್ರವರಿ ತಿಂಗಳು, ಮೆಣಸಿನಕಾಯಿ ಸುಗ್ಗಿ. ಊರು ಕಾಣುವ ಮೊದಲೇ ಸೀನು ಬಂತು.

ಸೈಕಲ್ ಪ್ರವಾಸ ಮಾಡಿದವರನ್ನು ಕೇಳಿ ನೋಡಿ, ಊರಿಗಿಂತ ದಾರಿಯಲ್ಲಿ ಸಿಕ್ಕ ಜನರ ಸುದ್ದಿಯನ್ನೇ ಹೇಳುತ್ತಾರೆ. ನಾನೂ ಅಂಥವರು ಸಿಗಲಿ ಎಂದೇ ಕಿಸೆಯಲ್ಲಿ ನೋಟ್‌ಬುಕ್ ಇಟ್ಟುಕೊಂಡು ಹೊರಟವನು.

ಒಂದು ಗೋದಾಮಿನ ಮುಂದೆ ಹತ್ತು ಹನ್ನೆರಡು ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದರು. ಅಂಚಿಗೆ ಕೂತಿದ್ದ ಅವ್ವನಿಗೆ ಅರವತ್ತು ದಾಟಿರಬೇಕು. ಬೆರಳಿಗೆ ಹಳೇ ಸೀರೆಯ ಚಿಂದಿ ಸುತ್ತಿಕೊಂಡಿದ್ದಳು. ಹೆಬ್ಬೆರಳು ತೊಟ್ಟಿನ ಬುಡಕ್ಕೆ ತಾಗಿ ಸಣ್ಣಗೆ ಹೊರಳಿದರೆ ಸಾಕು, ತೊಟ್ಟು ಆಚೆ, ಕಾಯಿ ಈಚೆ. ಕಾಯಿ ಸೀಳುತ್ತಿರಲಿಲ್ಲ, ಒಂದು ಬೀಜವೂ ಉದುರುತ್ತಿರಲಿಲ್ಲ.

‘ಬಸ್ ಇದ್ದಿಲ್ಲೇನೋ ತಮ್ಮಾ?’ ಎಂದಳು ನನ್ನ ಸೈಕಲ್ ನೋಡಿ.

ಕೂತುಬಿಟ್ಟೆ. ಮಕ್ಕಳೆಷ್ಟು, ಹೊಲವಿದೆಯೇ, ಎಷ್ಟು ವರ್ಷದಿಂದ ಈ ಕೆಲಸ? ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆಗಳಲ್ಲಿ ಕಡ್ಡಿ ಯಾವುದು, ಡಬ್ಬಿ ಯಾವುದು ಎಂದು ಕೇಳಿದೆ. ಆಕೆ ಎರಡನ್ನೂ ಆರಿಸಿ ತೆಗೆದು ತೋರಿಸಿದಳು. ಬ್ಯಾಡಗಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣವನ್ನು ಹಿಂಡಿ ತೆಗೆದು ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ ಎಂದು ನಾನು ಆಕೆಗೇ ಪಾಠ ಹೇಳಿದೆ! ‘ಹೌದೇನು’ ಎಂದಳು.

ಸಾಲದ್ದಕ್ಕೆ, ಸಹಾಯ ಮಾಡುತ್ತೇನೆಂದು ಒಂದು ಬೊಗಸೆ ಕಾಯಿ ಎತ್ತಿಕೊಂಡೆ. ನಾನು ಬಿಡಿಸಿದ್ದರಲ್ಲೆಲ್ಲ ತೊಟ್ಟಿನ ಚೂರು ಉಳಿದಿತ್ತು. ಆಕೆ ಮಾತಿಲ್ಲದೆ ಅವನ್ನೆಲ್ಲ ಮತ್ತೆ ಕೈಗೆತ್ತಿಕೊಂಡಳು. ಅಷ್ಟರಲ್ಲಿ ನಾನು ಕಣ್ಣು ಉಜ್ಜಿಕೊಂಡಿದ್ದೆ. ಖಾರ ಕಡಿಮೆ ಎಂದವನು ಕುಣಿದಾಡಿಬಿಟ್ಟೆ. ಆಕೆ ಎದ್ದು, ಚಿಂದಿ ಬಿಚ್ಚಿ, ತನ್ನ ಕೈ ತೊಳೆದುಕೊಂಡು, ಆಮೇಲೆ ನನ್ನ ಮುಖಕ್ಕೆ ಚರಿಗೆಯ ನೀರು ಹೊಯ್ದಳು.

ಪಕ್ಕದಾಕೆ ನಕ್ಕಳು: ‘ಯಕ್ಕಾ, ನಿನ್ನ ಬುಟ್ಟಿ ಇವತ್ತ ತುಂಬಂಗಿಲ್ಲ ತಗೋ.’

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವರ ಕೂಲಿ ಕಿಲೋ ಲೆಕ್ಕದ್ದು. ಇದನ್ನು ಆಕೆಯೇ ಹೇಳಿದ್ದಳು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದೆ. ಬರೆದುಕೊಂಡದ್ದು ತಲೆಗೆ ಹತ್ತಿದ್ದು ಸಂಜೆ ರಾಣೆಬೆನ್ನೂರಿನಲ್ಲಿ, ಖಾನಾವಳಿಯಲ್ಲಿ ರೊಟ್ಟಿ ಮುರಿಯುವಾಗ. ಆಕೆಯ ಪಕ್ಕ ಮುಕ್ಕಾಲು ಗಂಟೆ ಕೂತಿದ್ದೆ.

ಗೆಳೆಯನ ವಾದ ಬೇರೆ. ‘ದಿನವೆಲ್ಲ ಅದೇ ತೊಟ್ಟು ಮುರಿಯುವವರಿಗೆ ಹೊಸಬನ ಜೊತೆ ನಾಲ್ಕು ಮಾತು ಬೇಡವೇ? ಆಕೆ ಖುಷಿಯಾಗಿದ್ದಳು. ದುಡ್ಡು ಕೊಟ್ಟಿದ್ದರೆ ಅವಮಾನವಾಗುತ್ತಿತ್ತು.’ ದುಡ್ಡಿನ ಮಾತು ಒಪ್ಪಿದೆ. ಖುಷಿಯ ಮಾತೂ ಸುಳ್ಳಿರಲಿಕ್ಕಿಲ್ಲ. ಆದರೆ ಆ ಖುಷಿಯ ಖರ್ಚು ಪೂರಾ ಒಂದೇ ಕಡೆಯಿಂದ ಹೋಯಿತಲ್ಲ! ನನಗೆ ಕಥೆ ಸಿಕ್ಕಿತು, ಆಕೆಯ ತೂಕ ಇಳಿಯಿತು.

ಇಂಥದೇ ಖರ್ಚಿನ ಹಳೇ ಕಥೆಯೊಂದು ಆಗ ನೆನಪಾಯಿತು. ಬೆಳಿಗ್ಗೆ ದಾಟಿಬಂದ ಮೋಟೆಬೆನ್ನೂರು ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರು ಹುಟ್ಟಿದ ಊರು. 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ನಡಿಗೆಯ ನಡುವೆ ಭಟಗಾಂವ್ ಎಂಬ ಹಳ್ಳಿಯಲ್ಲಿ ಗಾಂಧೀಜಿ ತಮ್ಮವರನ್ನೇ ತರಾಟೆಗೆ ತೆಗೆದುಕೊಂಡಿದ್ದರು. ಯಾತ್ರಿಕರಿಗೆ ಬೆಳಕು ಬೇಕೆಂದು ಭಾರದ ದೀಪವನ್ನು ಒಬ್ಬ ಕೂಲಿಯವನ ತಲೆ ಮೇಲೆ ಹೊರಿಸಿದ್ದರು. ಹಾಲು ಸೂರತ್‌ನಿಂದ ಮೋಟಾರಿನಲ್ಲಿ ಬಂದಿತ್ತು. ಉಪ್ಪಿನ ತೆರಿಗೆಯ ಭಾರ ಇಳಿಸಲು ಹೊರಟವರೇ ದಾರಿಯ ಬಡವನ ಮೇಲೆ ಭಾರ ಹೇರಿದ್ದರು. ಗಾಂಧೀಜಿ ಅದನ್ನು ಎಲ್ಲರೆದುರು ಹೇಳಿದರು. ನಮಗಂತೂ ದೇಶದ ಕೆಲಸವೂ ಇರಲಿಲ್ಲ; ಹೋಗುತ್ತಿದ್ದದ್ದು ಬರೀ ಹವಾ ತಿನ್ನಲಿಕ್ಕೆ.

ನನ್ನ ತಪ್ಪು ಮಾತಾಡಿಸಿದ್ದಲ್ಲ, ಮಾತಾಡಿಸಿದ ಹೊತ್ತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಹೋಗಿದ್ದರೆ ಆಕೆ ಇನ್ನೂ ಹೆಚ್ಚು ಮಾತಾಡುತ್ತಿದ್ದಳೋ ಏನೋ, ಕೇಳುವ ಸರದಿ ಆಕೆಗೂ ಬರುತ್ತಿತ್ತು. ಬಸ್ಸಿನದೊಂದು ಬಿಟ್ಟರೆ ಆಕೆ ನನ್ನನ್ನು ಏನೂ ಕೇಳಲಿಲ್ಲ. ಕೇಳಲು ನಾನು ಬಿಡಲೂ ಇಲ್ಲ.

ಸುಗ್ಗಿಯಲ್ಲಿ ಆ ದಾರಿ ಹಿಡಿಯುವ ಸೈಕಲ್ ಗೆಳೆಯರೇ, ಸೋಮವಾರ, ಗುರುವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ. ಅದನ್ನು ನೋಡಿ, ಚಹಾ ಕುಡಿಯಿರಿ. ತೊಟ್ಟು ಬಿಡಿಸುವವರ ಹತ್ತಿರ ಮಾತ್ರ ಅವರು ಊಟಕ್ಕೆ ಕೈ ತೊಳೆದ ಮೇಲೆ ಹೋಗಿ.