ಯಾರಿಗೆ ಯಾರು ಸರಿಜೋಡಿ?

ಶ್ರಾವಣ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಮಠಗಳಲ್ಲಿ ಪುರಾಣ ಶುರುವಾಗುತ್ತದೆ. ಪುರಾಣ ಹೇಳುವವರ ಪಕ್ಕಕ್ಕೆ ಹಾರ್ಮೋನಿಯಂ ಹಿಡಿದ ಗವಾಯಿಗಳು, ಅವರ ಮಗ್ಗುಲಿಗೆ ತಬಲಾದವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದವರು ಇವರಲ್ಲಿ ಬಹಳ. ಟಿಕೆಟ್ಟಿನ ಕಛೇರಿ ಕಾಣದ ಹಳ್ಳಿಗಳಿಗೂ ರಾಗದ ರುಚಿ ಹತ್ತಿದ್ದು ಇವರಿಂದ. ಮಂಗಳವಾದ ಮೇಲೆ ಕಟ್ಟೆಯ ಮೇಲೆ ಕೂತವರಲ್ಲಿ ವಾದ ಏಳುತ್ತದೆ: ಮಲ್ಲಿಕಾರ್ಜುನ ಮನ್ಸೂರರು ದೊಡ್ಡವರೋ, ಭೀಮಸೇನ ಜೋಶಿಯವರೋ?

ವಾದ ನಡೆಯಲಿ, ಅದು ಊರಿಗೆ ಒಳ್ಳೆಯದು. ಆದರೆ ಕಟ್ಟಿದ ಜೋಡಿಯೇ ಸರಿಯಿಲ್ಲ.

ಜೋಡಿ ಕಟ್ಟುವುದು ಹೇಗೆಂದು ನಮ್ಮ ಗೀಗೀ ಮೇಳದವರನ್ನು ಕೇಳಬೇಕು. ಹರದೇಶಿಯವರು ಗಂಡು ಹೆಚ್ಚೆಂದು, ನಾಗೇಶಿಯವರು ಹೆಣ್ಣು ಹೆಚ್ಚೆಂದು ಬೆಳತನಕ ಹಾಡುತ್ತಾರೆ. ಒಬ್ಬರು ಹಾಕಿದ ಸವಾಲಿಗೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಇಬ್ಬರ ಮುಂದೆಯೂ ಇರುವ ಪ್ರಶ್ನೆ ಒಂದೇ. ಹಾಗಾಗಿ ಯಾರ ಜವಾಬು ಗಟ್ಟಿಯೆಂದು ಓದು ಬರಹ ತಿಳಿಯದ ರೈತನೂ ಹೇಳಬಲ್ಲ.

ಮನ್ಸೂರರಿಗೂ ಭೀಮಸೇನರಿಗೂ ಅಂಥ ಒಂದೇ ಪ್ರಶ್ನೆ ಎದುರಾಗಲಿಲ್ಲ. ಮನ್ಸೂರರು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಲ್ಲಿ ಜೈಪುರ–ಅತ್ರೌಲಿ ಪದ್ಧತಿ ಕಲಿತವರು. ಶಿವಮತ ಭೈರವ, ಏಕನಿಷಾದ ಬಿಹಾಗಡಾದಂಥ ಅಪರೂಪದ ರಾಗಗಳನ್ನು ಲಯದ ಜತೆ ಬಿಗಿಯಾಗಿ ಹೆಣೆಯುತ್ತ ಹೋಗುವ ದಾರಿ ಅದು. ಭೀಮಸೇನರು ಕಿರಾಣಾ ಪದ್ಧತಿಯವರು, ಒಂದೊಂದು ಸ್ವರದ ಮೇಲೂ ನಿಂತು, ರಾಗವನ್ನು ನಿಧಾನಕ್ಕೆ ಬೆಳೆಸಿ, ಆಮೇಲೆ ಗುಡುಗುವವರು. ಒಬ್ಬರಿಗೆ 1992ರಲ್ಲಿ ಪದ್ಮವಿಭೂಷಣ, ಇನ್ನೊಬ್ಬರಿಗೆ 2008ರಲ್ಲಿ ಭಾರತರತ್ನ. ಇವನ್ನು ತಕ್ಕಡಿಗೆ ಹಾಕಿದರೆ ಪದಕದ ತೂಕ ಸಿಕ್ಕೀತು, ಹಾಡಿನದಲ್ಲ.

ಭೀಮಸೇನರಿಗೆ ಸರಿಜೋಡಿ ಗಂಗೂಬಾಯಿ ಹಾನಗಲ್ಲರು. ಇಬ್ಬರಿಗೂ ಗುರು ಕುಂದಗೋಳದ ಸವಾಯಿ ಗಂಧರ್ವರು. ಭೀಮಸೇನರು ಗುರುವಿನ ಮನೆಯಲ್ಲೇ ಇದ್ದು, ನೀರು ಹೊತ್ತು, ಸೇವೆ ಮಾಡಿ ಕಲಿತರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಬಂದು, ಪಾಠ ಮುಗಿಸಿ, ಸಂಸಾರದ ಹೊರೆಗೆ ಮರಳುತ್ತಿದ್ದರು. ಒಂದೇ ವಿದ್ಯೆಯಿಂದ ಒಬ್ಬರು ವೇಗದ ತಾನುಗಳ ಕಡೆ ಹೊರಟರು, ಇನ್ನೊಬ್ಬರು ಗಂಭೀರ ಆಲಾಪದಲ್ಲಿ ನೆಲೆ ನಿಂತರು. ಇಲ್ಲಿ ಹೋಲಿಸಿದರೆ ಏನಾದರೂ ತಿಳಿಯುತ್ತದೆ. ಇಷ್ಟಾಗಿಯೂ ಕಟ್ಟೆಯ ವಾದದಲ್ಲಿ ಗಂಗೂಬಾಯಿಯವರ ಹೆಸರು ತಡವಾಗಿ ಬರುತ್ತದೆ. ಹೆಣ್ಣನ್ನು ಗಂಡಿನ ಎದುರಿಗೆ ನಿಲ್ಲಿಸಲು ನಾಗೇಶಿ ಮೇಳಕ್ಕೆ ಇರುವ ಧೈರ್ಯ ನಮ್ಮ ಶಾಸ್ತ್ರೀಯ ಸಂಗೀತದ ರಸಿಕರಿಗೂ ಬರಬೇಕು.

ಇನ್ನು ಮನ್ಸೂರರ ಎದುರಿಗೆ ಯಾರು? ರಾಗದ ಮಾತು ಬದಿಗಿಟ್ಟು ವಚನಕ್ಕೆ ಬನ್ನಿ. ವಚನಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಕೇಳುವ ಕಿವಿಯನ್ನು ನಮಗೆ ಕೊಟ್ಟವರಲ್ಲಿ ಮನ್ಸೂರರು ಒಬ್ಬರು, ನಮ್ಮದೇ ರಾಯಚೂರು ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರು ಇನ್ನೊಬ್ಬರು. ಹನ್ನೆರಡನೆಯ ಶತಮಾನದ ಮಾತಿಗೆ ರಾಗದ ಬಟ್ಟೆ ತೊಡಿಸಿಯೂ ಮಾತು ಮರೆಯಾಗದಂತೆ ನೋಡಿಕೊಳ್ಳುವುದು ಇಬ್ಬರ ಮುಂದೆಯೂ ಇದ್ದ ಸವಾಲು. ಮನ್ಸೂರರು ಹಾಡುವಾಗ ನನ್ನ ಮನಸ್ಸು ಮೊದಲು ರಾಗದ ಕಡೆ ಹರಿಯುತ್ತದೆ. ಜಂಬಲದಿನ್ನಿಯವರು ಹಾಡಿದರೆ ಶರಣರ ಮಾತೇ ಮುಂದೆ ಬಂದು ನಿಲ್ಲುತ್ತದೆ. ವಚನದ ಮಟ್ಟಿಗೆ ನನ್ನ ಒಲವು ಜಂಬಲದಿನ್ನಿಯವರ ಕಡೆಗೇ. ಒಪ್ಪದವರು ಬಹಳ ಮಂದಿ ಇರಬಹುದು, ಅವರೊಡನೆ ವಾದಿಸಲು ನಾನು ತಯಾರಿದ್ದೇನೆ.

ಆದರೆ ವಾದಿಸಬೇಕಾದರೆ ಇಬ್ಬರನ್ನೂ ಕೇಳಿರಬೇಕಲ್ಲ! ರಾಯಚೂರಿನ ರಂಗಮಂದಿರಕ್ಕೆ ಜಂಬಲದಿನ್ನಿಯವರ ಹೆಸರಿದೆ. ಅಲ್ಲಿ ನಾಟಕ, ಸಭೆ ನೋಡಿ ಬಂದ ಎಷ್ಟೋ ಹುಡುಗರು ಅವರ ದನಿಯನ್ನೇ ಕೇಳಿಲ್ಲ. ಕಿವಿಗೆ ಬಿದ್ದವರೇ ದೊಡ್ಡವರು ಎಂದುಕೊಂಡರೆ, ಕಿವಿಗೆ ಬೀಳದವರಿಗೆ ಅನ್ಯಾಯವಾಗುತ್ತದೆ.

ಮಠದ ಹಿರಿಯರಲ್ಲಿ ನನ್ನ ಬೇಡಿಕೆ ಒಂದೇ. ಈ ಸಲದ ಪುರಾಣದಲ್ಲಿ ಒಂದು ಸಂಜೆ ಮನ್ಸೂರರ ಒಂದು ವಚನ, ಜಂಬಲದಿನ್ನಿಯವರ ಒಂದು ವಚನ ಧ್ವನಿವರ್ಧಕದಲ್ಲಿ ಕೇಳಿಸಿರಿ. ವಾದ ಆಮೇಲೆ ಶುರುವಾಗಲಿ.