ಬಿಡಲೆಂದೇ ಹಿಡಿಯುವುದು

ಫ್ಲಾರಿಡಾದ ಪೂರ್ವ ಕರಾವಳಿಯಲ್ಲಿ, ಕೆನಡಿ ಬಾಹ್ಯಾಕಾಶ ಕೇಂದ್ರದ ಉತ್ತರಕ್ಕೆ, ಮಸ್ಕಿಟೊ ಲಗೂನ್ ಎಂಬ ಉಪ್ಪುನೀರಿನ ಹರವಿದೆ. ಅಟ್ಲಾಂಟಿಕ್ ಸಾಗರಕ್ಕೂ ಅದಕ್ಕೂ ನಡುವೆ ಇರುವುದು ಒಂದು ತೆಳು ಮರಳುಪಟ್ಟಿ. ಬಹಳ ಕಡೆ ನೀರು ಮೊಣಕಾಲಿಗೆ ಬಂದರೆ ಹೆಚ್ಚು. ಇಂಥ ಕಡೆ ಕಯಾಕ್‌ನಷ್ಟು ಹೊಂದುವ ದೋಣಿ ಇನ್ನೊಂದಿಲ್ಲ. ಬೆಳಗಿನ ಜಾವವೇ ಒಬ್ಬೊಬ್ಬರಾಗಿ ನೀರಿಗಿಳಿಯುವವರು ಸಂಜೆಯವರೆಗೂ ಮಾತಿಲ್ಲದೆ ಹುಟ್ಟು ಹಾಕುತ್ತಾರೆ.

ಅವರು ಹುಡುಕುವುದು ರೆಡ್‌ಫಿಶ್. ತಾಮ್ರದ ಬಣ್ಣದ ಮೈ, ಬಾಲದ ಬುಡದಲ್ಲಿ ಕಪ್ಪು ಬೊಟ್ಟು. ಕಡಲಹುಲ್ಲಿನ ನಡುವೆ ಏಡಿ, ಸಿಗಡಿ ಕೆದಕಲು ಅದು ತಲೆ ತಗ್ಗಿಸಿದಾಗ ಬಾಲದ ತುದಿ ನೀರಿನ ಮೇಲೆ ಬಂದು ಬಿಸಿಲಿಗೆ ಮಿನುಗುತ್ತದೆ. ಅದು ಕಂಡ ಕೂಡಲೇ ಹುಟ್ಟು ತೊಡೆಯ ಮೇಲೆ ಬರುತ್ತದೆ. ದೋಣಿಗೆ ಏನಾದರೂ ತಾಗಿ ಟಕ್ಕೆಂದರೂ ಸಾಕು, ಮೀನು ಮಾಯ. ಗಾಳಿ ಎತ್ತಣಿಂದ ಬೀಸುತ್ತಿದೆ, ತನ್ನ ನೆರಳು ಎಲ್ಲಿ ಬೀಳುತ್ತಿದೆ, ಮೀನಿನ ಮುಖ ಯಾವ ಕಡೆಗಿದೆ ಎಂಬುದರ ಹೊರತು ಆ ಹೊತ್ತಿನಲ್ಲಿ ಮನಸ್ಸಿಗೆ ಬೇರೆ ವಿಷಯವೇ ಇರುವುದಿಲ್ಲ. ಧ್ಯಾನಕ್ಕೆ ಕುಳಿತವರು ವರ್ಷಗಟ್ಟಲೆ ಬಯಸುವ ಏಕಾಗ್ರತೆ ಇದೇ ಇರಬಹುದು.

ಹೀಗೆ ಕಾದು ಹಿಡಿದ ಮೀನನ್ನು ಅಲ್ಲಿ ಬಿಟ್ಟುಬಿಡಲೇಬೇಕೆಂಬ ನಿಯಮ 2022ರ ಸೆಪ್ಟೆಂಬರ್‌ನಲ್ಲಿ ಬಂತು. ಅದರಂತೆ ಮಸ್ಕಿಟೊ ಲಗೂನ್ ಸೇರಿದ ಇಂಡಿಯನ್ ರಿವರ್ ಲಗೂನ್ ವಲಯದಿಂದ ಒಂದೇ ಒಂದು ರೆಡ್‌ಫಿಶ್ಶನ್ನೂ ಮನೆಗೆ ಒಯ್ಯುವಂತಿರಲಿಲ್ಲ. ಕಾರಣ ನೀರಿನಲ್ಲೇ ಇದೆ. ಊರುಗಳ ಕೊಳಚೆ, ಗೊಬ್ಬರದ ಸಾರ ಹರಿದು ಬಂದು ಪಾಚಿ ಉಕ್ಕಿತು; ಬೆಳಕು ಕಾಣದೆ ಕಡಲಹುಲ್ಲು ಸತ್ತಿತು. 2011ರ ದೊಡ್ಡ ಪಾಚಿಯಿಂದ ಮೊದಲಾದ ಆ ಕುಸಿತ ಹುಲ್ಲನ್ನೇ ತಿಂದು ಬದುಕುವ ಮನಾಟಿ ಎಂಬ ಜಲಚರ ಸಸ್ತನಿಗಳನ್ನು ಹಸಿವಿಗೆ ನೂಕಿತು. 2021ರ ಒಂದೇ ವರ್ಷದಲ್ಲಿ ಫ್ಲಾರಿಡಾದಲ್ಲಿ ಸುಮಾರು 1,100 ಮನಾಟಿಗಳು ಸತ್ತವು. ಇಷ್ಟಾದ ಮೇಲೆ ರೆಡ್‌ಫಿಶ್ಶನ್ನು ಉಳಿಸಲು ಹೊರಟ ನಿಯಮ ಸರಿಯಾದದ್ದೇ.

ಆದರೆ ಹೀಗೆ ಹಿಡಿದು ಬಿಡುವುದು ಸ್ವಿಟ್ಜರ್‌ಲ್ಯಾಂಡಿನಲ್ಲಿ ಅಪರಾಧ. ಬಿಡುವ ಉದ್ದೇಶವಿಟ್ಟುಕೊಂಡು ಮೀನು ಹಿಡಿಯುವುದನ್ನು ಅಲ್ಲಿನ 2008ರ ಪ್ರಾಣಿ ಸಂರಕ್ಷಣಾ ನಿಯಮಾವಳಿ ನಿಷೇಧಿಸಿದೆ. ಜರ್ಮನಿಯ ಕಾನೂನು ಕೂಡ ಬೆನ್ನೆಲುಬಿರುವ ಜೀವಿಯನ್ನು ಕೊಲ್ಲಲು ತಕ್ಕ ಕಾರಣ ಕೇಳುತ್ತದೆ. ಊಟ ಅಂಥ ಕಾರಣ, ಬರೀ ಆಟ ಅಲ್ಲ. ಒಂದು ಕಡೆ ಬಿಡದಿದ್ದರೆ ತಪ್ಪು, ಇನ್ನೊಂದು ಕಡೆ ಬಿಡಲೆಂದೇ ಹಿಡಿದರೆ ತಪ್ಪು. ಫ್ಲಾರಿಡಾ ಎಣಿಸುವುದು ಮೀನಿನ ಸಂತತಿಯನ್ನು, ಸ್ವಿಟ್ಜರ್‌ಲ್ಯಾಂಡ್ ನೋಡುವುದು ಕೊಕ್ಕೆಗೆ ಸಿಕ್ಕ ಆ ಒಂದು ಮೀನನ್ನು.

ಆ ಒಂದು ಮೀನಿಗೆ ನೋವಾಗುತ್ತದೆಯೇ? ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು 2003ರಲ್ಲಿ ರೇನ್‌ಬೋ ಟ್ರೌಟ್ ಮೀನುಗಳ ತುಟಿಗೆ ಅಸಿಟಿಕ್ ಆಮ್ಲ ಚುಚ್ಚಿ ನೋಡಿದಾಗ ಅವು ತುಟಿಯನ್ನು ಕಲ್ಲುಗಳಿಗೆ ಉಜ್ಜಿಕೊಂಡವು, ಮೇವನ್ನು ಗಂಟೆಗಟ್ಟಲೆ ಮುಟ್ಟಲಿಲ್ಲ. ಮನುಷ್ಯರಲ್ಲಿ ನೋವನ್ನು ಅರಿವಿಗೆ ತರುವ ನಿಯೋಕಾರ್ಟೆಕ್ಸ್ ಎಂಬ ಮಿದುಳಿನ ಪದರ ಮೀನಿಗಿಲ್ಲ, ಆ ವರ್ತನೆ ಬರೀ ಪ್ರತಿಕ್ರಿಯೆ ಎಂದು ನರವಿಜ್ಞಾನಿ ಬ್ರಯಾನ್ ಕೀ ಮೊದಲಾದವರು ವಾದಿಸುತ್ತಾರೆ. ವಾದ ಮುಗಿದಿಲ್ಲ. ಆದರೂ ಸಂಶಯ ಇರುವಷ್ಟು ಕಾಲ ಅದರ ಲಾಭ ಬಾಯಿಲ್ಲದ ಜೀವಿಗೇ ಸಲ್ಲಬೇಕು. ಕೊಕ್ಕೆ ಹಿಡಿದವರಿಗೆ ಸಲ್ಲುವುದು ನ್ಯಾಯವಲ್ಲ.

ಮಹಾಭಾರತದ ವನಪರ್ವದಲ್ಲಿ ಮಾಂಸ ಮಾರುವ ಧರ್ಮವ್ಯಾಧ ಕೌಶಿಕನಿಗೆ ಹೇಳುವ ಮಾತುಗಳಲ್ಲಿ ಇದೂ ಒಂದು: ನೇಗಿಲು ಹೂಡುವವನೂ ಮಣ್ಣಿನೊಳಗಿನ ಜೀವಗಳನ್ನು ಕೊಲ್ಲುತ್ತಾನೆ, ಪೂರ್ತಿ ಹಿಂಸೆಯಿಲ್ಲದ ಬದುಕು ಯಾರದ್ದೂ ಇಲ್ಲ. ಈ ಮಾತು ಬಲೆ ಬೀಸಿ ಹೊಟ್ಟೆ ಹೊರೆಯುವ ಬೆಸ್ತರಿಗೆ ನೆರಳಾಗುತ್ತದೆ, ಒಂದು ಮೀನು ಹಿಡಿದು ಸಾರು ಮಾಡಿಕೊಳ್ಳುವವರಿಗೂ ಆಗುತ್ತದೆ. ಕಯಾಕ್‌ನಲ್ಲಿ ಬಂದು, ಹಿಡಿದು, ಬಿಟ್ಟು ಹೋಗುವವರಿಗೆ ಆಗುವುದಿಲ್ಲ. ಅವರಿಗೆ ಬೇಕಾದದ್ದು ಮೀನಲ್ಲವಲ್ಲ!

ಹಾಗಾದರೆ ಬೇಕಾದದ್ದೇನು? ಜಂಬ ಎನ್ನುವಂತಿಲ್ಲ; ಒಬ್ಬರೇ ಇದ್ದಾಗ ತೋರಿಸಿಕೊಳ್ಳುವುದು ಯಾರಿಗೆ? ಅವರನ್ನು ಕಟುಕರೆನ್ನುವುದೂ ಅನ್ಯಾಯ. ಲಗೂನಿನ ಹುಲ್ಲು ಸಾಯುತ್ತಿದೆ ಎಂದು ದನಿಯೆತ್ತಿದವರಲ್ಲಿ ಗಾಳ ಹಾಕುವವರೂ ಇದ್ದಾರೆ. ಅವರಿಗೆ ಬೇಕಾಗಿರುವುದು ಆ ಎಚ್ಚರ, ಇಡೀ ಮೈಯೇ ಕಣ್ಣಾಗುವ ಆ ಸ್ಥಿತಿ. ಆಸೆಯಿಲ್ಲದೆ ಬರೀ ಹುಲ್ಲು ನೋಡುತ್ತ ಕುಳಿತರೆ ಅದು ಬರುವುದಿಲ್ಲ ಎಂದು ಅವರು ಹೇಳಿದರೆ ಸುಳ್ಳೆನ್ನಲಾಗದು. ಬಯಕೆಯೇ ಕಣ್ಣನ್ನು ಚುರುಕುಗೊಳಿಸುತ್ತದೆ. ಆದರೆ ದ್ರುಪದನ ಸಭೆಯಲ್ಲಿ ಅರ್ಜುನ ಬಾಣ ಬಿಟ್ಟಿದ್ದು ಮತ್ಸ್ಯಯಂತ್ರಕ್ಕೆ. ಅಷ್ಟು ತೀವ್ರವಾದ ಏಕಾಗ್ರತೆಗೆ ಜೀವಂತ ಮೀನು ಬೇಕಾಗಲಿಲ್ಲ.

ಅಮೆರಿಕದಲ್ಲೇ ಇದಕ್ಕೆ ಹತ್ತಿರದ ಒಂದು ದಾರಿಯನ್ನು ಲೀ ಸ್ಪೆನ್ಸರ್ ಹಿಡಿದರು. ಆರೆಗಾನ್ ರಾಜ್ಯದ ನಾರ್ತ್ ಅಂಪ್ಕ್ವಾ ನದಿಯ ಉಪನದಿಯೊಂದರ ಮಡುವಿನ ಬಳಿ ಹಲವು ವರ್ಷ ಕಾವಲಿದ್ದು ಸ್ಟೀಲ್‌ಹೆಡ್ ಮೀನುಗಳನ್ನು ಕಾಯ್ದ ಅವರು, ತಾವು ಗಾಳ ಹಾಕುವಾಗ ಕೊಕ್ಕೆಯ ಮೊನೆಯನ್ನೇ ಕತ್ತರಿಸಿಬಿಡುತ್ತಿದ್ದರು. ಮೀನು ಕಚ್ಚುತ್ತದೆ, ಜಗ್ಗುತ್ತದೆ, ಉಗುಳಿ ಹೋಗುತ್ತದೆ. ಮೋಸ ಇದರಲ್ಲೂ ಉಂಟು, ಆದರೆ ಬಾಯಿ ಹರಿಯುವುದಿಲ್ಲ. ಏಡಿಯ ಚಿಪ್ಪನ್ನೇ ಗಂಟಲ ಹಲ್ಲಿನಲ್ಲಿ ಪುಡಿಮಾಡುವ ರೆಡ್‌ಫಿಶ್ ಅಂಥ ಗಾಳವನ್ನು ಎರಡು ಕ್ಷಣದಲ್ಲಿ ಉಗುಳೀತು. ಆ ಎರಡು ಕ್ಷಣ ಸಾಲದು ಎನ್ನುವವರು, ಹೇಗೂ ಬಿಡುವ ಮೀನಿನಿಂದ ಮಿಕ್ಕದ್ದು ತಮಗೇಕೆ ಬೇಕು ಎಂದು ಹೇಳಬೇಕಾಗುತ್ತದೆ.